ಅಕ್ಕೋರ ಗಾಡಿ ಹಳದಿ ದೀಪ ಆರಿಸಿದ್ದು

ನೆಟ್ಟು ಬಿಚ್ಚೂ ನನ್ನ ಹದಿನಾಲ್ಕು ನಂಬರ್ ಪಾನಾ ಮುಟ್ಟಿ ಹೇಳ್ತೇನಿ, ಇದರಾಗ ಒಂದಕ್ಷರ ಸುಳ್ಳಿಲ್ಲ. ದೇವರ ಆಣಿ ಮಾಡೂ ಮಂದಿ ಭಾಳ ಅದಾರ, ಮಾಡ್ತಾರ, ಮರೀತಾರ. ಪಾನಾ ಹಂಗಲ್ಲ. ಅದನ್ನ ಮುಟ್ಟಿ ಸುಳ್ಳ ಹೇಳಿದ್ರ ಮರದಿನಾನಽ ಕೈ ಜಾರಿ ಬಟ್ಟ ಜಜ್ಜತೈತಿ. ನನಗ ಎರಡ ಸಲ ಜಜ್ಜೇತಿ, ಅದಕ್ಕ ಹೇಳ್ತೇನಿ.

ಲಕಮನಹಳ್ಳ್ಯಾಗ ನನ್ನ ಗ್ಯಾರೇಜ್ ಐತಿ. ನಲವತ್ತಾರು ವರ್ಷ ಆತು. ಸಾಲಿ ಮೂರನೇತ್ತಾಕ್ಕ ಬಿಟ್ಟಾವ ನಾನು. ಆದ್ರ ಹುಬ್ಬಳ್ಳಿ-ಧಾರವಾಡದಾಗ ನನ್ನಂಥಾ ಕಿವಿ ಇನ್ನೊಂದಿಲ್ಲ. ಉದ್ದನ್ನ ಸ್ಕ್ರೂಡ್ರೈವರ್ ತಗೊಂಡು ತುದಿ ಇಂಜಿನ್ ಮ್ಯಾಲ ಇಟ್ಟು, ಹಿಡಿಕಿ ಕಿವಿಗಿ ಹಚ್ಚಿದ್ನೆಂದ್ರ ಮುಗೀತು. ಯಾವ ವಾಲ್ವ್ ಕೆಮ್ಮಾಕತ್ತೇತಿ, ಯಾವ ಬೇರಿಂಗ್ ಅಳಾಕತ್ತೇತಿ, ನಿಂತಲ್ಲೇ ಹೇಳ್ತೇನಿ. ಇಂಥಾ ಕಿವಿ ಇದ್ದಾವನ ಗ್ಯಾರೇಜ್‌ನ್ಯಾಗಽ ಇಂಥಾ ಫಜೀತಿ ಯಾಕ ಆಗ್ತಾವೋ ದೇವರಿಗೇ ಗೊತ್ತು. ವಾರಕ್ಕೊಂದರ ಆಗಾಕಽ ಬೇಕು. ಈ ಸಲ ಬ್ಯಾಸಗ್ಯಾಗ ಒಂದಽ ಒಂದ ಗಾಡಿ ಸಂಬಂಧ ಆದಾವಲ್ಲ, ಅವನ್ನ ನಾನಽ ಹೇಳಿಬಿಡ್ತೇನಿ. ಇಲ್ಲಂದ್ರ ನನ್ನ ಶಿಷ್ಯ ಹೇಳ್ತಾನ. ಅಂವಾ ಖಾರ ಹಚ್ಚಿ ಹೇಳ್ತಾನ.

೧. ಹತ್ತ ನಿಮಿಷದ ಕೆಲಸ

ಗರಗದ ಆಚೆ ಒಂದ ಸಣ್ಣ ಹಳ್ಳಿ, ಅಲ್ಲೆ ಸಾಲ್ಯಾಗ ಕಲಸೋ ಅಕ್ಕೋರೊಬ್ಬರು ಅದಾರ. ಮನಿ ಧಾರವಾಡದಾಗ. ಅವರದೊಂದು ಬಿಳೀ ಸಣ್ಣ ಕಾರು. ಹನ್ನೊಂದು ವರ್ಷದ ಹಿಂದ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಅವತ್ತಿಂದ ಅದರ ನೆಟ್ಟು ಬೋಲ್ಟು ಮುಟ್ಟಿದಾವ ನಾನೊಬ್ಬನಽ. ಅವರ ಮನೆತನದಾಗ ಸ್ಟೇರಿಂಗ್ ಹಿಡದ ಮೊದಲನೇ ಹೆಣ್ಮಗಳು ಅವರು. ಹಂಗಾಗಿ ಆ ಗಾಡಿ ಅಂದ್ರ ಅವರಿಗಿ ಜೀವ.

ಮಾರ್ಚ್ ತಿಂಗಳದಾಗ ಒಂದಿನ ಮುಂಜಾನೆ ಗಾಡಿ ತಂದು ನಿಂದ್ರಿಸಿದ್ರು. ಮಾರಿ ಸಣ್ಣದಾಗಿತ್ತು.

"ಕಾಕಾ, ಮೀಟರ್‌ನ್ಯಾಗ ಹಳದಿ ದೀಪ ಹತ್ತೇತ್ರಿ. ಇಂಜಿನ್ ಚಿತ್ರ ಇರ್ತೈತಲ್ರಿ, ಅದು. ಆರವಲ್ದು."

"ಗಾಡಿ ಓಡತೈತಿಲ್ರಿ?"

"ಓಡತೈತ್ರಿ. ಆದ್ರ ಪೆಟ್ರೋಲ್ ಭಾಳ ಕುಡ್ಯಾಕತ್ತೇತಿ, ಹಿಂದ ವಾಸನಿ ಹೊಡೀತೈತಿ. ಮುಂದಿನ ತಿಂಗಳ ಗಾಡಿಗಿ ಹದಿನೈದು ವರ್ಷ ತುಂಬತಾವ್ರಿ. ಆರ್‌ಟಿಓದಾಗ ತೋರಿಸಿ ಪಾಸ್ ಆತಂದ್ರ ಇನ್ನ ಐದ ವರ್ಷ ಓಡಸಬಹುದು. ಫೇಲ್ ಮಾಡಿದ್ರಂದ್ರ ಗುಜರಿಗೇ ಹಾಕಬೇಕು."

ಮಾತಾಡ್ತಾ ಮಾತಾಡ್ತಾ ಬಾನೆಟ್ ಮ್ಯಾಲ ಕೈಯಾಡಿಸಿದ್ರು, ದನದ ಬೆನ್ನ ಸವರಿದಂಗ.

"ನನ್ನ ನೌಕರಿ ಇನ್ನ ನಾಲ್ಕ ವರ್ಷ ಐತ್ರಿ ಕಾಕಾ. ಗರಗದ ತನಕ ಬಸ್ ಸಿಗತೈತಿ. ಅಲ್ಲಿಂದ ಸಾಲಿಗಿ ನಾಲ್ಕ ಕಿಲೋಮೀಟರ್ ನಡೀಬೇಕು, ನನ್ನ ಮೊಣಕಾಲು ಕೇಳಂಗಿಲ್ಲ. ಹೊಸಾ ಗಾಡಿ ತಗೊಳೂದು ಈಗ ಆಗೂ ಮಾತಲ್ಲ. ಇದು ಹೋತಂದ್ರ ನಾ ನೌಕರಿ ಬಿಟ್ಟ ಮನ್ಯಾಗ ಕುಂದ್ರಬೇಕಾಗತೈತಿ."

ನನ್ನ ಗ್ಯಾರೇಜ್ ಬಾಜೂಕ ಚಾದಂಗಡಿ. ಏಳೆಂಟ ಮಂದಿ ಕುಂತಿದ್ರು. ಅವರಿಗೂ ಕೇಳಸಲಿ ಅಂತ ನಾ ಸ್ವಲ್ಪ ಜೋರಾಗಿಯೇ ಅಂದ್ನಿ: "ಅಕ್ಕೋರ, ಚಿಂತಿ ಬಿಡ್ರಿ. ಆ ದೀಪ ಆರೂ ತನಕ ನಿಮ್ಮ ಕಡಿಂದ ನಾ ಒಂದ ರೂಪಾಯಿ ಮುಟ್ಟಂಗಿಲ್ಲ. ಸಾಮಾನಿನ ರೊಕ್ಕಾನೂ ನಂದಽ. ಹತ್ತ ನಿಮಿಷದ ಕೆಲಸ."

ಇಂಜಿನ್‌ಗಿ ಕಿವಿ ಹಚ್ಚಿದ್ನಿ. ಎಳೇ ಕೂಸಿನಂಗ ಉಸರಾಡಾಕತ್ತಿತ್ತು. ಬ್ಯಾಟರಿ ವೈರ್ ಬಿಚ್ಚಿದ್ನಿ. ಒಂದ ಚಾ ಕುಡದ್ನಿ. ಮತ್ತ ಹಾಕಿದ್ನಿ. ಹಂಗ ಮಾಡಿದ್ರ ಗಾಡಿ ಒಳಗಿನ ಕಂಪ್ಯೂಟರ್ ತನ್ನ ತಕರಾರು ಮರೀತೈತಿ, ನನಗ ಗೊತ್ತಿದ್ದ ಯುಕ್ತಿ ಅದು. ಚಾವಿ ತಿರುವಿ ಚಾಲೂ ಮಾಡಿದ್ರ ದೀಪ ಮಾಯ! ಚಾದಂಗಡಿ ಮಂದಿ "ಭಲೇ" ಅಂದ್ರು. ಅಕ್ಕೋರು ಕೈ ಮುಗದು ಹ್ವಾದ್ರು.

ಮುಕ್ಕಾಲು ತಾಸಿಗೆ ಫೋನ್ ಬಂತು.

"ಕಾಕಾ, ಗರಗ ಬಂತ್ರಿ. ದೀಪಾನೂ ಬಂತ್ರಿ."

ಮಂದಿ ಎಲ್ಲಾ ನನ್ನ ಮಾರೀನಽ ನೋಡಾಕತ್ತಿದ್ರು. ನಾ ಫೋನ್ ಕಿವಿಗಿ ಒತ್ತಿ ಹಿಡದು ಜೋರಾಗಿ ಅಂದ್ನಿ: "ಅಯ್ಯ, ಅದಕ್ಕ ಥ್ಯಾಂಕ್ಸ್ ಯಾಕ್ರಿ ಅಕ್ಕೋರ! ಅದು ನನ್ನ ಕರ್ತವ್ಯ!"

೨. ಅವ್ವನ ಟಿಕಳಿ

ಅಕ್ಕೋರ ತಾಯಿ ಒಬ್ಬಾಕಿ ಅದಾಳ, ಎಂಬತ್ತರ ಮ್ಯಾಲ ವಯಸ್ಸು. ಆಕಿ ತಂಗಿ ಗರಗದಾಗ ಇರ್ತಾಳ. ದಿನಾ ಮುಂಜಾನೆ ಅವ್ವ ಮಗಳ ಗಾಡ್ಯಾಗ ಮುಂದಿನ ಸೀಟಿನ್ಯಾಗ ಕುಂತು ಗರಗದಾಗ ಇಳೀತಾಳ, ಸಂಜಿಗಿ ಮತ್ತ ಹತ್ತತಾಳ. ಈಗೀಗ ಕಣ್ಣಿನ ಆಪರೇಷನ್ ಆಗೇತಿ. ಮದ್ಲ ಆನಿ ಬಂದ್ರೂ ಕಾಣತಿರಲಿಲ್ಲಂತ, ಈಗ ಸೂಜಿ ಬಿದ್ರೂ ಕಾಣತೈತಿ.

ಇದಾಗಿ ವಾರಕ್ಕ ಅಕ್ಕೋರ ಫೋನ್: "ಕಾಕಾ, ಗಾಡಿ ಬಂದ್ ಬಿದ್ದೈತ್ರಿ. ಗರಗ ಇನ್ನ ಎರಡ ಕಿಲೋಮೀಟರ್ ಐತಿ."

ಬೈಕಿಗಿ ಸಾಮಾನಿನ ಚೀಲಾ ಕಟ್ಕೊಂಡು ಓಡಿದ್ನಿ. ನನ್ನ ತಲ್ಯಾಗ ಬರೇ ಆ ಹಳದಿ ದೀಪಾನಽ. ಹೋದಾವನಽ ಬಾನೆಟ್ ತಗದ್ನಿ. ಒಂದೊಂದಾಗಿ ನಾಲ್ಕೂ ಪ್ಲಗ್ ಬಿಚ್ಚಿ ರಸ್ತಾದ ಬಾಜೂಕ ಕರ್ಚೀಪ್ ಹಾಸಿ ಸಾಲಾಗಿ ಇಟ್ನಿ. ಏರ್ ಫಿಲ್ಟರ್ ತಗದ್ನಿ, ಬಡದ್ನಿ. ಬಿಸಿಲು ನೆತ್ತಿ ಸುಡಾಕತ್ತಿತ್ತು. ಒಂದ ತಾಸ ಆತು. ಅವ್ವ ಒಳಗ ಕುಂತು ಎಲಿ ಅಡಿಕಿ ಹಾಕ್ಕೊಂತ ನನ್ನ ನೋಡಾಕತ್ತಿದ್ಲು.

ಚಾವಿ ತಿರುವೂಣು ಅಂತ ಒಳಗ ಬಗ್ಗಿದ್ನಿ. ನೋಡ್ತೇನಿ, ಮೀಟರ್ ಗಾಜಿನ ಮ್ಯಾಲ ಎರಡ ಟಿಕಳಿ! ಒಂದ ಕೆಂಪು, ಒಂದ ಹಸರು. ಹೆಣ್ಮಕ್ಕಳು ಹಣಿಗಿ ಹಚ್ಚಗೊಳ್ಳೂವಂಥಾವು.

"ಇದೇನಬೇ ಯವ್ವಾ?"

"ಆ ಹಳದಿ ದೀಪ ಕಣ್ಣಾಗ ಚುಚ್ಚತಿತ್ತಪಾ ಮೇಸ್ತ್ರಿ. ಡಾಕ್ಟರು ಬೆಳಕ ನೋಡಬ್ಯಾಡ ಅಂದಾರ. ಮುಚ್ಚಿದ್ನಿ."

"ಕೆಂಪದು ಸರಿ. ಹಸರದು?"

"ಇವತ್ತ ಮುಂಜಾನೆ ಅದರ ಬಾಜೂಕ ಇನ್ನೊಂದ ಹತ್ತಿತು. ಅದನ್ನೂ ಮುಚ್ಚಿದ್ನಿ."

ಹಸರ ಟಿಕಳಿ ಕಿತ್ತು ನೋಡಿದ್ರ, ಪೆಟ್ರೋಲ್ ಪಂಪಿನ ಚಿತ್ರ! ಆ ಗಾಡಿದು ಪೆಟ್ರೋಲ್ ಮುಳ್ಳು ಯಾವಾಗೋ ಕೆಟ್ಟೇತಿ, ಆ ದೀಪ ನೋಡೇ ಅಕ್ಕೋರು ಪೆಟ್ರೋಲ್ ಹಾಕಸತಿದ್ರು. ಟಿಕಳಿ ಅವ್ವನ ಅಲಂಕಾರ ಅಂತ ಬಿಟ್ಟಿದ್ದ ಅಕ್ಕೋರು ಹಣಿ ಹಣಿ ಬಡಕೊಂಡ್ರು.

ನಾ ಅಂದ್ನಿ: "ಯವ್ವಾ, ಪೆಟ್ರೋಲ್ ತೀರೇತಿ ಅಂತ ಹೇಳೂ ದೀಪ ಅದು!"

"ಹೇಳೂದಿದ್ರ ಬಾಯಿ ಬಿಟ್ಟ ಹೇಳಬೇಕಪಾ," ಅಂದ್ಲು ಅವ್ವ. "ಸುಮ್ಮಽ ಕಣ್ಣ ಕಿಸದು ನೋಡಿದ್ರ ನಮಗ ಹೆಂಗ ತಿಳೀಬೇಕು?"

ಬರೇ ಪೆಟ್ರೋಲ್ ತೀರಿದ್ದಕ್ಕ ಒಂದ ತಾಸ ಬಿಚ್ಚಿದ್ನೆಂದ್ರ ನನ್ನ ಮರ್ಯಾದಿ ಏನಾಗಬೇಕು? ಚೀಲದಾಗಿನ ಹೊಸಾ ಪ್ಲಗ್ ನಾಲ್ಕೂ ಹಾಕಿದ್ನಿ, ಹೊಸಾ ಫಿಲ್ಟರೂ ಹಾಕಿದ್ನಿ. ಆಮ್ಯಾಲ ಬೈಕಿನಿಂದ ಪೆಟ್ರೋಲ್ ತಗದ ಹಾಕಿದ್ನಿ. ಗಾಡಿ ಒಂದಽ ಏಟಿಗೆ ಚಾಲೂ ಆತು. "ನೋಡ್ರಿ, ಪ್ಲಗ್ಗಿಂದಽ ತ್ರಾಸಿತ್ತು," ಅಂದ್ನಿ. ಕೆಂಪ ಟಿಕಳಿ ಸುತ್ತ ಹಳದಿ ಬೆಳಕ ಕಾಣಾಕತ್ತಿತ್ತು, ಅವ್ವ ಅದನ್ನ ಬಟ್ಟ ಮಾಡಿ ತೋರಿಸಿದ್ಲು.

೩. ಹಿಂದಿಂದು

ಹಿಂದ ಪೆಟ್ರೋಲ್ ವಾಸನಿ ಅಂದ್ರ ಹೊಗಿ ಕೊಳವಿ ಕಡೆ ಏನೋ ಐತಿ ಅಂತ ನನಗ ಅನಸ್ತು. ಅಲ್ಲೊಂದು ಆಕ್ಸಿಜನ್ ಸೆನ್ಸರ್ ಅಂತ ಇರ್ತೈತಿ. ಹೊಗಿ ಮೂಸಿ ನೋಡಿ ಕಂಪ್ಯೂಟರ್‌ಗಿ ಚಾಡಿ ಹೇಳೂದು ಅದರ ಉದ್ಯೋಗ. ಹಳೇದು ಬಿಚ್ಚಿ ಕಿಸೆದಾಗ ಹಾಕ್ಕೊಂಡು ಹುಬ್ಬಳ್ಳಿಗಿ ಸಾಮಾನಿನ ಅಂಗಡಿಗಿ ಹೋದ್ನಿ.

ಅಂಗಡ್ಯಾವ ನೋಡಿ, "ಅಣ್ಣಾರ, ಮುಂದಿಂದೋ ಹಿಂದಿಂದೋ? ಗಾಡಿ ಯಾವ..." ಅನ್ನೂದ್ರಾಗ ನಾ ಸೆಟದು ನಿಂತ್ನಿ. ನಲವತ್ತಾರು ವರ್ಷದಾಗ ಅದರಾಗ ಎರಡ ಥರಾ ಇರ್ತಾವಂತ ನನಗ ಗೊತ್ತಿರಲಿಲ್ಲ. ಹಂಗಂತ ಅವನ ಮುಂದ ಹೇಳೂದೇನು?

"ಎರಡೂ ಕೊಡಪಾ. ನನ್ನ ಗ್ಯಾರೇಜ್‌ನ್ಯಾಗ ಅರ್ಧಾ ಕೆಲಸ ಮಾಡೂ ಪದ್ಧತಿ ಇಲ್ಲ."

ರೊಕ್ಕಾ ಎಣಿಸಿ ಕೊಟ್ಟು ಬಂದ್ನಿ. ಮುಂದಿಂದು ಹಾಕಿದ್ನಿ. ಹಿಂದಿಂದು ಹಾಕಾಕ ಗಾಡಿ ಕೆಳಗ ಮಲಗಿದ್ನಿ. ಮಧ್ಯಾಹ್ನ ಊಟಕ್ಕ ಎದ್ದಿಲ್ಲ. ಆ ಕೊಳವಿ ಬಂಪರ್‌ದಿಂದ ಬಂಪರ್ ತನಕ ಸವರಿದ್ನಿ. ಸೆನ್ಸರ್ ಕೂಡೂ ತೂತು ಒಂದೂ ಇಲ್ಲ! ಸಂಜಿಗಿ ಅಂಗಡ್ಯಾವಗ ಫೋನ್ ಹಚ್ಚಿದ್ನಿ.

"ಅಣ್ಣಾರ, ಗಾಡಿ ಎಷ್ಟ ಹಳೇದು ಅಂತ ನಾ ಕೇಳೂದ್ರಾಗ ನೀವು ರೊಕ್ಕಾ ಕೊಟ್ಟ ಹ್ವಾದ್ರೆಲ್ರಿ. ಅಷ್ಟ ಹಳೇ ಗಾಡಿಗಿ ಮುಂದಿಂದೊಂದಽ ಇರ್ತೈತಿ. ಹಿಂದಿಂದು ಹೊಸಾ ಗಾಡಿಗಿ ಬಂದದ್ದು."

"ವಾಪಸ್ ತಗೋತಿ?"

"ಕರೆಂಟಿನ ಸಾಮಾನು ವಾಪಸ್ ಇಲ್ರಿ. ಗ್ವಾಡಿ ಮ್ಯಾಲ ಬೋರ್ಡ್ ಬರದೇನಿ, ಓದಿಲ್ರೇನು?"

ಓದಾಕ ಬಂದಿದ್ರ ಇಷ್ಟ್ಯಾಕ ಆಗತಿತ್ತು! ದೀಪ ಅಂತೂ ಆರಲಿಲ್ಲ. ಆ ಹಿಂದಿನ ಸೆನ್ಸರ್ ಮನಿಗಿ ಒಯ್ದು ಟಿವಿ ಬಾಜೂಕ ಇಟ್ನಿ. ನನ್ನ ಹೆಂಡ್ತಿ ಎರಡ ದಿನ ಅದನ್ನ ಒರೆಸಿ ಒರೆಸಿ ಇಟ್ಲು. ಮೂರನೇ ದಿನ ಕೇಳಿದ್ಲು: "ಏನದು?"

"ಹಿಂದಿನ ಸೆನ್ಸರ್."

"ಹೌದಾ? ಹಂಗಾದ್ರ ಮುಂದಿಂದೂ ತಂದ್ಬಿಡ್ರಿ. ಆ ಕಡೆ ಖಾಲಿ ಖಾಲಿ ಕಾಣತೈತಿ."

೪. ಹತ್ತಿಸಿ ತೋರಿಸು

ಏಪ್ರಿಲ್ ಬಂತು. ಆರ್‌ಟಿಓಕ್ಕ ಹೋಗೂ ದಿನಾ ನಾಳೆ ಅಂತಂದ್ರ ದೀಪ ಇನ್ನೂ ಹಂಗಽ ಐತಿ. ಅಕ್ಕೋರು ಗಾಡಿ ನನ್ನ ಕಡೆ ಬಿಟ್ಟು, "ಕಾಕಾ, ನಿಮ್ಮ ಮ್ಯಾಲ ಐತ್ರಿ," ಅಂದು ಹೋಗಿದ್ರು. ಆ ಮಾತ ಕೇಳಿ ನನಗ ಊಟ ಸೇರಲಿಲ್ಲ.

ಏನ ಮಾಡಬೇಕು? ಅವ್ವನ ಟಿಕಳಿ ಕಿತ್ತು ಮೀಟರ್ ಪೂರಾ ಹೊರಗ ತಗದ್ನಿ. ಹಳೇ ಗಾಡಿ, ಒಂದೊಂದ ದೀಪಕ್ಕ ಒಂದೊಂದ ಸಣ್ಣ ಬಲ್ಬು. ಆ ಹಳದಿ ದೀಪದ ಬಲ್ಬ್ ತಿರುವಿ ತಗದು ಕಿಸೆದಾಗ ಹಾಕ್ಕೊಂಡ್ನಿ. ಮೀಟರ್ ಹೊಳ್ಳಿ ಕೂಡಿಸಿದ್ನಿ. ಹೆಂಗೈತಿ ನನ್ನ ತಲಿ? ಬೆಂಕಿನಽ ಇಲ್ಲಂದ ಮ್ಯಾಲ ಹೊಗಿ ಯಾಂವ ಕೇಳ್ತಾನ?

ಮರದಿನ ಅಕ್ಕೋರು ಮೀಟರ್ ನೋಡಿ ಕಣ್ಣಾಗ ನೀರ ತಂದ್ರು. "ಆರೇತಲ್ರಿ ಕಾಕಾ! ಏನ ಮಾಡಿದ್ರಿ?"

"ಅದೆಲ್ಲಾ ನಮ್ಮ ಕೈಗುಣ," ಅಂದ್ನಿ.

ಆರ್‌ಟಿಓದ ಇನ್ಸ್‌ಪೆಕ್ಟರ್ ಸಾಹೇಬ್ರು ಇನ್ನೂ ಸಣ್ಣ ವಯಸ್ಸಿನಾವರು. ಒಳಗ ಕುಂತು ಚಾವಿ ಒಂದಽ ಸುತ್ತು ತಿರುವಿದ್ರು, ಇಂಜಿನ್ ಚಾಲೂ ಮಾಡಲಿಲ್ಲ. ಮೀಟರ್ ನೋಡಿದ್ರು. ನನ್ನ ನೋಡಿದ್ರು.

"ಚಾವಿ ತಿರುವಿದ ಕೂಡ್ಲೆ ಎಲ್ಲಾ ದೀಪ ಒಮ್ಮೆ ಹತ್ತಬೇಕಲ್ಲ ಅಜ್ಜಾರ? ಆಮ್ಯಾಲ ಚಾಲೂ ಮಾಡಿದ್ರ ಆರಬೇಕು. ಉಳದಾವೆಲ್ಲಾ ಹತ್ತ್ಯಾವ. ಇಂಜಿನ್ ದೀಪ ಎಲ್ಲೈತಿ?"

ನಾ ಎದಿ ಮುಂದ ಮಾಡಿ ಅಂದ್ನಿ: "ಸಾಹೇಬ್ರ, ಇಂಜಿನ್ ಅಷ್ಟ ಛಲೋ ಐತ್ರಿ. ಹತ್ತೂ ಪ್ರಸಂಗನಽ ಬರೂದಿಲ್ಲ."

ಸಾಹೇಬ್ರು ನಗಲಿಲ್ಲ. ಕಾಗದದ ಮ್ಯಾಲ ಏನೋ ಗೀಚಿದ್ರು. "ಎಂಟ ದಿನಾ ಕೊಡ್ತೇನಿ. ಮದ್ಲ ಅದನ್ನ ಹತ್ತಿಸಿ ತೋರಸ್ರಿ. ಆಮ್ಯಾಲ ಆರಿಸಿ ತೋರಸ್ರಿ. ಅದಾಗಲಿಲ್ಲಂದ್ರ ಗಾಡಿ ಇಲ್ಲೆ ತರೂದು ಬ್ಯಾಡ."

ಹೊರಗ ಬಂದ್ವಿ. ಅಕ್ಕೋರು ನನ್ನ ಮುಂದ ಕೈ ಚಾಚಿದ್ರು. ನಾ ಕಿಸೆದಾಗಿಂದ ಬಲ್ಬ್ ತಗದು ಅವರ ಅಂಗೈಯಾಗ ಇಟ್ನಿ. ಮೂರನೇತ್ತಾದಾಗ ಹುಣಸೀಹಣ್ಣ ಕದ್ದು ಸಿಕ್ಕಾಗ ಹಿಂಗಽ ಇಟ್ಟಿದ್ನಿ.

"ಕಾಕಾ, ದಿನಾ ಮುಂಜಾನೆ ಮಕ್ಕಳಿಗಿ ನಾ ಏನ ಹೇಳ್ತೇನಿ ಗೊತ್ತೈತೇನ್ರಿ? ಉತ್ತರ ಬರಲಿಲ್ಲಂದ್ರ ಬರೂದಿಲ್ಲ ಅನ್ರಿ, ಕಾಪಿ ಹೊಡೀಬ್ಯಾಡ್ರಿ ಅಂತೇನಿ."

"ಬರೂದಿಲ್ರಿ ಅಕ್ಕೋರ," ಅಂದ್ನಿ. ನನ್ನ ಜನ್ಮದಾಗ ಮೊದಲನೇ ಸಲ ಆ ಮಾತ ಅಂದದ್ದು. ಮತ್ತ ಬೇಕಿದ್ರ ಕೈ ಮುಂದ ಮಾಡ್ತಿದ್ನಿ, ಛಡಿ ಇರಲಿಲ್ಲ ಅವರ ಕಡೆ.

೫. ಮೈನಸ್ ನಲವತ್ತು

ಉತ್ತರ ಬರೂ ಮನಷ್ಯಾ ಒಬ್ಬನಽ ಇದ್ದ. ನನ್ನ ಶಿಷ್ಯ. ಹದಿನಾರು ವರ್ಷ ನನ್ನ ಕಡೆ ಕೆಲಸ ಕಲ್ತು, ಈಗ ವಿದ್ಯಾನಗರದಾಗ ತಂದಽ ಗ್ಯಾರೇಜ್ ಇಟ್ಟಾನ. ಅವನ ಗಡ್ಡಾನೂ ಈಗ ನರತೈತಿ. ಆರ ವರ್ಷದ ಹಿಂದ ಅಂವಾ ಒಂದ ಸ್ಕ್ಯಾನರ್ ಮಷೀನ್ ತಂದು ನನ್ನ ಮುಂದ ಇಟ್ಟು, "ಉಸ್ತಾದ್, ಗಾಡಿಗಿ ಏನ ತ್ರಾಸೈತಿ ಅಂತ ಇದಽ ಹೇಳತೈತ್ರಿ. ಇನ್ನ ಮುಂದ ಇದಿಲ್ದ ನಡ್ಯಾಂಗಿಲ್ಲ," ಅಂದಿದ್ದ. ನಾ, "ಆ ಡಬ್ಬಿ ಹಿಡಕೊಂಡು ನನ್ನ ಗ್ಯಾರೇಜಿಗಿ ಕಾಲಿಡಬ್ಯಾಡ," ಅಂದಿದ್ನಿ. ಅವತ್ತಿಂದ ಮಾತಿಲ್ಲ, ಕಥಿ ಇಲ್ಲ.

ಈಗ ಅವನ ಬಾಗಿಲಿಗಿ ನಾ ಹೋಗೂದಂದ್ರ? ಆದ್ರ ಎಂಟ ದಿನದಾಗ ಮೂರ ದಿನಾ ಹೋಗಿದ್ವು. ಅಕ್ಕೋರ ಮೊಣಕಾಲು ನೆನಪಾತು.

ಅಕ್ಕೋರಿಗಿ ಹೇಳಿದ್ನಿ: "ನೀವು ಗಾಡಿ ನಡಸ್ರಿ, ಅವ್ವ ಮುಂದ ಕುಂದರ್ಲಿ. ನಾ ಹಿಂದ ಕುಂದರ್ತೇನಿ. ಯಾರಂತ ಕೇಳಿದ್ರ ನಿಮ್ಮ ಸೋದರಮಾವ ಅನ್ರಿ, ಹಲ್ಲನೋವು ಅನ್ರಿ."

ತಲಿಗೆ, ಮಾರಿಗೆ ಟಾವೆಲ್ ಸುತಗೊಂಡ್ನಿ. ಬರೇ ಎರಡ ಕಣ್ಣ ಹೊರಗ. ಶಿಷ್ಯ ಬಂದ, ಅಕ್ಕೋರ ಮಾತೆಲ್ಲಾ ಕೇಳಿದ. ಬಾನೆಟ್ ತಗದ. ಬ್ಯಾಟರಿ ನೆಟ್ಟು ಸಡ್ಲಾಗಿತ್ತು, ಬಿಗಿ ಮಾಡಾಕ ಪಾನಾ ಹಚ್ಚಿದ. ನಾ ಹಿಂದಿನ ಕಿಟಕ್ಯಾಗಿಂದ ಮಾರಿ ಹೊರಗ ಹಾಕಿ ಇಣಕಿ ನೋಡಾಕತ್ತಿದ್ನಿ. ಆ ಮಗಾ ಪಾನಾ ತುದಿಗಿ ಹಿಡೂದು ಬಿಟ್ಟು ನಡಬರಕ ಹಿಡದಿದ್ದ! ಹದಿನಾರು ವರ್ಷ ಹೇಳೇನ್ರಿ ಅವಂಗ! ತಡಕೊಂಡ್ನಿ, ತಡಕೊಂಡ್ನಿ, ಆಗಲಿಲ್ಲ.

"ಪಾನಾ ಹಂಗ ಹಿಡೀತಾರೇನಲೇ, ಬೆಂಡೀಕಾಯಿ ಹಿಡದಂಗ!"

ಶಿಷ್ಯ ತಲಿ ಎತ್ತಲಿಲ್ಲ. ಪಾನಾ ತುದಿಗಿ ಸರಿಸಿ ಹಿಡದು ಅಂದ: "ಬರ್ರಿ ಉಸ್ತಾದ್, ಇಳೀರಿ. ಚಾ ಹೇಳ್ಲೇನ್ರಿ? ಹಲ್ಲ ನೋಯ್ತಾವಂದ್ರ ಸಕ್ರಿ ಕಡಿಮಿ ಹಾಕಸ್ತೇನಿ."

ಚಾ ಕುಡದ್ವಿ. ಇಬ್ಬರೂ ಹಳೇದು ಎತ್ತಲಿಲ್ಲ. ಅಂವಾ ಮಷೀನ್ ತಂದು ಸ್ಟೇರಿಂಗ್ ಕೆಳಗ ವೈರ್ ಸಿಗಸಿದ. ಚಾಲೂ ಮಾಡಿದ. ಮಷೀನ್ ನೋಡಿ ಮುಸಿ ಮುಸಿ ನಕ್ಕ.

"ಉಸ್ತಾದ್, ಈ ಇಂಜಿನ್ ಮೈ ಎಷ್ಟ ಬೆಚ್ಚಗೈತಿ ಅಂತ ಇದರಾಗ ಬರ್ತೈತಿ. ಎಷ್ಟ ತೋರ್ಸಾಕತ್ತೇತಿ ಹೇಳ್ರಿ?"

"ಎಷ್ಟು?"

"ಮೈನಸ್ ನಲವತ್ತು."

ಏಪ್ರಿಲ್ ತಿಂಗಳು, ಮಧ್ಯಾಹ್ನ ಒಂದ ಗಂಟೆ. ಹೊರಗ ಡಾಂಬರು ಚಪ್ಪಲಿಗಿ ಅಂಟಾಕತ್ತಿತ್ತು. ನಾ ಇಂಜಿನ್ ಮ್ಯಾಲ ಕೈ ಇಟ್ನಿ, ಚುರ್ ಅಂತು.

"ನೋಡಿದ್ಯೇನಲೇ ನಿನ್ನ ಮಷೀನಿನ ಬಾಳೇವು! ಐಸ್‌ಗಿಂತ ತಣ್ಣಗ ಅಂತ!"

"ಮಷೀನ್ ಸುಳ್ಳ ಹೇಳವಲ್ದು ಉಸ್ತಾದ್. ಇಂಜಿನ್ ಕಾದೈತಿ ಅಂತ ಸುದ್ದಿ ಒಯ್ಯೋ ಸೆನ್ಸರ್ ಇರ್ತೈತಲ್ರಿ, ಅದರ ಸುದ್ದಿ ಹಾದ್ಯಾಗ ಕಡದೈತಿ. ಸುದ್ದಿ ಬರಲಿಲ್ಲಂದ್ರ ಕಂಪ್ಯೂಟರ್ ಇಂಜಿನ್ ಥಂಡ್ಯಾಗ ಸಾಯಾಕತ್ತೇತಿ ಅಂತ ತಿಳೀತೈತಿ. ತಿಳದು ಪೆಟ್ರೋಲ್ ಸುರೀತೈತಿ. ಅದಕ್ಕಽ ಈ ವಾಸನಿ."

ಆವಾಗ ನನಗ ನೆನಪಾತು. ಮೀಟರ್‌ನ್ಯಾಗ ಇಂಜಿನ್ ಕಾವು ತೋರ್ಸೂ ಮುಳ್ಳು ಒಂದ ತಿಂಗಳಿಂದ ತಳದಿಂದ ಎದ್ದಽ ಇರಲಿಲ್ಲ. ನಾ ಅದನ್ನ ದಿನಾ ನೋಡ್ತಿದ್ನಿ. ನೋಡಿ, ಇಂಥಾ ಬಿಸಲಾಗೂ ಗಾಡಿ ಎಷ್ಟ ತಂಪ ಇಟ್ಟೇನಿ ಅಂತ ಚಾದಂಗಡಿ ಮಂದಿನ್ನ ಕರದು ಕರದು ತೋರಿಸಿದ್ನಿ!

೬. ಒಳಗ ಏನಿತ್ತು

"ಯಾವ ಜಾಗಾದಾಗ ಕಡದೈತಿ ಅಂತ ಮಷೀನ್ ಹೇಳಂಗಿಲ್ರಿ ಉಸ್ತಾದ್," ಅಂದ ಶಿಷ್ಯ. "ಅದು ಕೈಲೆ ಹುಡಕೂ ಕೆಲಸ. ನಿಮ್ಮಂಥಾ ಕೈ ನನಗಿಲ್ಲ."

ಖರೇ ಹೇಳ್ತೇನಿ, ಆ ಮಾತಿಗೆ ನನ್ನ ಎಪ್ಪತ್ತೊಂದ ವರ್ಷದ ಬೆನ್ನ ನೆಟ್ಟಗಾತು. ಟಾವೆಲ್ ಬಿಚ್ಚಿ ಹೆಗಲಿಗಿ ಹಾಕ್ಕೊಂಡ್ನಿ. ಕಣ್ಣ ಮುಚ್ಚಿ ಕೈ ಒಳಗ ಬಿಟ್ನಿ. ವೈರ್ ಹಿಡಕೊಂಡು ಇಂಚಿಂಚ ಸವರಕೊಂತ ಹೋದ್ನಿ. ಇಂಜಿನ್ ಬಾಜೂಕ, ಪೈಪಿನ ಸಂದ್ಯಾಗ, ಸೆನ್ಸರ್‌ಗಿ ಸಿಗಸೂ ಪ್ಲಾಸ್ಟಿಕ್ ಕಪ್ಲರ್ ಕೈಗಿ ಸಿಕ್ತು. ಬೆರಳಿಗಿ ಅಂಟಂಟ ಹತ್ತಿತು. ಒತ್ತಿದ್ರ ಒಳಗ ಕರಕರ ಅಂತು.

"ಇಲ್ಲೈತಿ ನೋಡಲೇ!"

ಬಿಚ್ಚಿದ್ನಿ. ಒಳಗ ತಾಮ್ರದ ಕಡ್ಡಿ ಹಸರಗಟ್ಟಿ ಒಂದ ಮುರದಽ ಹೋಗಿತ್ತು. ತಳದಾಗ ಕಂದು ಬಣ್ಣದ ಒಂದ ಒಣಾ ಚೂರು. ಶಿಷ್ಯ ಅದನ್ನ ಉಗರಲೆ ತಗದು ಮೂಸಿ ನೋಡಿದ. ಇನ್ನೊಮ್ಮೆ ಮೂಸಿದ. ನನ್ನ ನೋಡಿದ.

"ಉಸ್ತಾದ್, ಇದು ಕೊಬ್ಬರಿ."

ಅವ್ವ ಕಾರಿನಾಗಿಂದ ಮಾರಿ ಹೊರಗ ಹಾಕಿ ಕೇಳಿದ್ಲು: "ಇಂಜಿನ್‌ಗಿ ಚಟ್ನಿ ಹಾಕಿದ್ಯೇನಪಾ ಮೇಸ್ತ್ರಿ?"

ಅಕ್ಕೋರು ಮೆತ್ತಗ ಅಂದ್ರು: "ಕೊಬ್ಬರಿ ಇಲ್ಲೆ ಹೆಂಗ ಬಂತ್ರಿ? ನಾವಂತೂ ಬುದ್ಧನ್ನ ನಂಬೂ ಮಂದಿ. ಗಾಡಿಗಿ ಕಾಯಿ ಒಡಿಯಂಗಿಲ್ಲ. ದಸರಾದಾಗ ಖಂಡೇ ಪೂಜಾಕ್ಕ ಸರ್ವಿಸಿಗಿ ಬಿಟ್ಟಾಗ ನಿಮಗ ಹೇಳೇ ಹೋಗಿದ್ನೆಲ್ರಿ ಕಾಕಾ, ನನ್ನ ಗಾಡಿಗಿ ಪೂಜಿ ಬ್ಯಾಡ್ರಿ ಅಂತ?"

ಹೇಳಿದ್ರು. ಖರೇನಽ ಹೇಳಿದ್ರು. ಆದ್ರ ಅವತ್ತ ಗ್ಯಾರೇಜ್ ತುಂಬ ಗಾಡಿ. ಎಲ್ಲಾಕ್ಕೂ ಹೂವು, ಕುಂಕುಮ, ಲಿಂಬಿಹಣ್ಣು. ಇದೊಂದಽ ಬಿಳೀ ಗಾಡಿ ಮೂಲ್ಯಾಗ ಬೋಳ ಬೋಳ ನಿಂತಿತ್ತು. ಹನ್ನೊಂದ ವರ್ಷ ಸಾಕಿದ ಗಾಡಿ, ಇದಕ್ಕೊಂದ ಇಲ್ಲಂದ್ರ ಹೆಂಗ? ಮಂದಿ ಟೈರ್ ಮುಂದ ಕಾಯಿ ಒಡೀತಾರ. ನಂದು ಹಂಗಲ್ಲ, ನಾ ಬಾನೆಟ್ ತಗದು ಇಂಜಿನ್ ಮ್ಯಾಲಽ ಒಡೀತೇನಿ. ಪೂಜಿ ನೇರ ಒಳಗ ಮುಟ್ಟಬೇಕು ಅಂತ! ಈ ಗಾಡಿಗಿ ಅವತ್ತ ಎಲ್ಲಾಕ್ಕಿಂತ ದೊಡ್ಡ ಕಾಯಿ ಒಡದಿದ್ನಿ, ಗುಟ್ಟಲೆ. ನೀರೆಲ್ಲಾ ಸಂದ್ಯಾಗ ಇಳದಿತ್ತು. ಐದ ತಿಂಗಳ ಕುಂತು ತಿಂದೈತಿ ಅದು ಆ ತಾಮ್ರಾನ.

ಎಲ್ಲಾ ಹೇಳಿದ್ನಿ. ಕಾಪಿ ಹೊಡೀಲಿಲ್ಲ. ಅಕ್ಕೋರು ಸಿಟ್ಟ ಮಾಡ್ತಾರ ಅಂತ ತಲಿ ಬಗ್ಗಿಸಿ ನಿಂತ್ನಿ. ಆಮ್ಯಾಲ ನೋಡಿದ್ರ ಅಕ್ಕೋರು ಬಾಯಿಗಿ ಸೆರಗ ಹಿಡದು ನಗಾಕತ್ತಿದ್ರು. ಶಿಷ್ಯ ಮಡ್‌ಗಾರ್ಡ್ ಮ್ಯಾಲ ಬಿದ್ದು ನಗಾಕತ್ತಿದ್ದ. ಅವ್ವ ಒಬ್ಬಾಕಿನಽ ನಗಲಿಲ್ಲ. "ಅಷ್ಟ ದೊಡ್ಡ ಕಾಯಿ ಒಡದು ನಮಗ ಒಂದ ಹೋಳಾದ್ರೂ ಕೊಡಬಾರದೇನಪಾ?" ಅಂದ್ಲು.

ಹೊಸಾ ಕಪ್ಲರ್ ಹಾಕಿದ್ವಿ, ನನ್ನ ಕೈ, ಅವನ ಮಷೀನು. ಚಾವಿ ತಿರುವಿದ್ವಿ: ದೀಪ ಹತ್ತಿತು, ಬಲ್ಬ್ ಅಕ್ಕೋರು ಪರ್ಸಿನ್ಯಾಗಿಂದ ತಗದು ಕೊಟ್ಟಿದ್ರು. ಚಾಲೂ ಮಾಡಿದ್ವಿ: ಆರಿತು. ಗರಗಕ್ಕ ಹೋಗಿ ಬಂದ್ವಿ. ಹತ್ತಲಿಲ್ಲ. ಅವ್ವ ಹಾದಿ ತುಂಬ ಕೈಯಾಗ ಒಂದ ಟಿಕಳಿ ಹಿಡಕೊಂಡಽ ಕುಂತಿದ್ಲು, ಕೆಲಸ ಬೀಳಲಿಲ್ಲ.

ಏಳನೇ ದಿನಕ್ಕ ಆರ್‌ಟಿಓಕ್ಕ ಹೋದ್ವಿ. ಎರಡನೇ ಸಲದ ಫೀಸು ನಾನಽ ಕಟ್ಟಿದ್ನಿ. ಸಾಹೇಬ್ರು ಚಾವಿ ತಿರುವಿದ್ರು, ಹತ್ತಿತು. ಚಾಲೂ ಮಾಡಿದ್ರು, ಆರಿತು. ಹೊಗಿ ನೋಡಿದ್ರು, ಸರಿ ಐತಿ. ಬ್ರೇಕ್ ನೋಡಿದ್ರು, ಹಾರ್ನ್ ನೋಡಿದ್ರು. ಕಾಗದದ ಮ್ಯಾಲ ಶಿಕ್ಕಾ ಒತ್ತಿದ್ರು. ಐದ ವರ್ಷ!

ಅಕ್ಕೋರು ಆ ಕಾಗದ ಎರಡೂ ಕೈಲೆ ಹಿಡಕೊಂಡ್ರು. "ನಾಲ್ಕ ವರ್ಷ ಸಾಲಿಗಿ ಹೋಗ್ತೇನ್ರಿ ಕಾಕಾ. ಉಳದ ಒಂದ ವರ್ಷ ಅವ್ವ ಎಲ್ಲೆಲ್ಲಿ ಅಂತಾಳ, ಅಲ್ಲೆಲ್ಲಾ ಕರಕೊಂಡ ಹೋಗ್ತೇನಿ."

ಸಾಹೇಬ್ರಿಗಿ ನೆನಪಾತು. "ಅಂದಂಗ ಅಜ್ಜಾರ, ಏನಾಗಿತ್ತು ಈ ಗಾಡಿಗಿ?"

ನಾ ಆಕಾಶ ನೋಡಿದ್ನಿ. ಅಕ್ಕೋರು ನೆಲ ನೋಡಿದ್ರು. ಅವ್ವ ಹಿಂದಿಂದ ಅಂದ್ಲು: "ಪೂಜಿ ಜಾಸ್ತಿ ಆಗಿತ್ರಿ ಸಾಹೇಬ್ರ. ಅಜೀರ್ಣ."

ಹೊರಗ ಬಂದ ಮ್ಯಾಲ ಅಕ್ಕೋರು ಪರ್ಸ್ ತಗದ್ರು. "ದೀಪ ಆರಿತಲ್ರಿ ಕಾಕಾ. ಈಗಾದ್ರೂ ಹೇಳ್ರಿ, ಎಷ್ಟಾತು?"

ನಾ ಹಚ್ಚಿದ ಬೆಂಕಿ ನಾನಽ ಆರಿಸಿ ಅದಕ್ಕ ರೊಕ್ಕಾ ಇಸಗೊಳ್ಳೂವಷ್ಟು ನಾಚಿಕಿಗೇಡಿ ನಾನಲ್ಲ. "ಏನೂ ಆಗಿಲ್ಲ ಹೋಗ್ರಿ," ಅಂದ್ನಿ. ನಿಮ್ಮ ಮುಂದ ಮುಚ್ಚೂದೇನು? ಪ್ಲಗ್ಗು, ಫಿಲ್ಟರು, ಮುಂದಿಂದು, ಹಿಂದಿಂದು, ಫೀಸು, ಎಲ್ಲಾ ಸೇರಿ ನನ್ನ ಕಿಸೆದಿಂದ ಹೋದದ್ದು ಹತ್ತ ಸಾವಿರದ ಒಂದನೂರಾ ನಲವತ್ತೈದು ರೂಪಾಯಿ. ಅದರಾಗ ಮೂವತ್ತೈದು ರೂಪಾಯಿ ಕಾಯಿಂದು.